ಜ್ಯೋತಿಃಶಾಸ್ತ್ರಜ್ಞರ ಪತ್ರವ್ಯವಹಾರ
(ಶಿಕ್ಷಕರ ಹಾಗೂ ನಾಗರಿಕರ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಭಾಷಣಕ್ಕೆ ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ತಾವು ನಮಗೇ ಬಿಟ್ಟುಕೊಟ್ಟಿರಿ. ವಕೀಲನಾದವನು ಮಾತನಾಡಲು ನಿಂತರೆ ಕಾಯಿದೆಯ ಮಾತಾದರೂ ಬಂದೀತು, ಇಲ್ಲವೆ ರಾಜಕಾರಣದ ಮಾತಾದರೂ ಬಂದೀತು ಎಂದು ತಾವು ಎಣಿಸಿದ್ದರೆ ಅದು ಸಹಜವೇ ಸರಿ. ಆದರೆ ನಾವು ಆರಿಸಿಕೊಂಡುದು ಆಕಾಶದ ವಿಷಯವನ್ನು. ಇನ್ನೂ ಸರಿಯಾಗಿ ಹೇಳುವುದಾದರೆ, ಹತ್ತೊಂಬತ್ತನೆಯ ಶತಮಾನದಲ್ಲಿ ಆಕಾಶವನ್ನು ಶೋಧಿಸುತ್ತಿದ್ದ ಪಂಡಿತರು ಒಬ್ಬರಿಗೊಬ್ಬರು ಬರೆದ ಕಾಗದಗಳ ವಿಷಯವನ್ನು. ಇದನ್ನೇ ಏಕೆ ಆರಿಸಿಕೊಂಡೆವೆಂಬುದಕ್ಕೆ ಒಂದು ಕಾರಣವುಂಟು. ಅದನ್ನು ಮೊದಲೇ ಒಪ್ಪಿಸಿಬಿಡುವುದು ಒಳ್ಳೆಯದು.

ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯ ಮಾಸ್ತರರೊಬ್ಬರು ನಮಗೊಂದು ಕಾಗದ ಬರೆದರು. ಅವರ ತಂದೆಯ ಹೊಲದ ಖಟ್ಲೆಯಲ್ಲಿ ತೀರ್ಪು ವಿರುದ್ಧವಾಗಿತ್ತು. ಅಪೀಲು ಮಾಡಬಹುದೇ ಎಂದು ಕೇಳಿದ್ದರು. ನಾವು ಆಗ ಸಾರ್ವಜನಿಕ ಕಾರ್ಯಕ್ಕಾಗಿ ಊರೂರು ತಿರುಗುತ್ತಿದ್ದೆವು. ತಿರುಗಿ ಬಂದ ಮೇಲೆ ಕಾಗದವನ್ನು ಓದಿದೆವು, 'ನಾಳೆ ಉತ್ತರ ಬರೆಯೋಣ' ಎಂದು ಮೇಜಿನ ಮೇಲಿಟ್ಟೆವು, ಅದರ ಮೇಲೆ ಬೇರೆ ಕಾಗದಗಳು ಬಿದ್ದವು. ಅದು ಮತ್ತೆ ಕೈಗೆ ಸಿಕ್ಕಾಗ ಅಪೀಲಿನ ಮುದ್ದತ್ತು ಮೀರಿಹೋಗಿತ್ತು. ಆ ಮಾಸ್ತರರು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನಮ್ಮ ಮನಸ್ಸು ಹಗುರವಾಗುತ್ತಿತ್ತು. ಅಂದಿನಿಂದ ಉತ್ತರ ಕಾಣದ ಕಾಗದವೆಂಬುದು ನಮ್ಮ ಮನಸ್ಸನ್ನು ಚುಚ್ಚುತ್ತಲೇ ಇದೆ. ಆದುದರಿಂದಲೇ ಈ ಪಂಡಿತರ ಪತ್ರಗಳ ಇತಿಹಾಸವನ್ನು ಓದುವಾಗ ನಮಗೆ ಅದು ಬರಿಯ ನಕ್ಷತ್ರಗಳ ಕಥೆಯಾಗಿ ತೋರಲಿಲ್ಲ.

ಒಂದು ಪತ್ರಕ್ಕೆ ಮೂರು ಗತಿಗಳುಂಟು. ಅದು ತಡವಾಗಿ ಮುಟ್ಟಬಹುದು. ಮುಟ್ಟಿಯೂ ಉತ್ತರ ಪಡೆಯದೆ ಹೋಗಬಹುದು. ಇಲ್ಲವೆ ಸಕಾಲದಲ್ಲಿ ಮುಟ್ಟಿ, ಸತ್ಪುರುಷರ ಕೈಗೆ ಬಿದ್ದು, ತನ್ನ ಕೆಲಸವನ್ನು ನೆರವೇರಿಸಬಹುದು. ಈ ಮೂರಕ್ಕೂ ಒಂದೊಂದು ಉದಾಹರಣೆಯನ್ನು ತಮ್ಮ ಮುಂದಿಡುವೆವು.

ಆ ಕಾಲದಲ್ಲಿ ಪತ್ರವೆಂದರೆ ಕುಶಲಸಮಾಚಾರವಷ್ಟೇ ಆಗಿರಲಿಲ್ಲ. ಗ್ರಂಥವು ಅಚ್ಚಾಗಲು ವರ್ಷಗಳು ಹಿಡಿಯುತ್ತಿದ್ದವು. ಧೂಮಕೇತುವಾದರೋ ಯಾರಿಗಾಗಿಯೂ ಕಾಯುವುದಿಲ್ಲ. ಇಂದು ರಾತ್ರಿ ಒಬ್ಬನು ಕಂಡುದನ್ನು ನಾಳೆ ಇನ್ನೊಬ್ಬನು ನೋಡಿ ಹೌದೆನ್ನಬೇಕಾದರೆ ಟಪಾಲಿನ ಹೊರತು ಗತಿಯಿರಲಿಲ್ಲ. ಜರ್ಮನಿಯಲ್ಲಿ ಝಾಖ್ ಎಂಬ ಪಂಡಿತರು 1800ರಲ್ಲಿ ಆರಂಭಿಸಿದ ಮಾಸಪತ್ರಿಕೆಯ ಹೆಸರೇ 'ಮಾಸಿಕ ಪತ್ರವ್ಯವಹಾರ' ಎಂಬ ಅರ್ಥದ್ದು. ಶೂಮಾಖರ್ ಎಂಬವರು ಆಲ್ಟೋನಾ ಪಟ್ಟಣದಿಂದ 1821ರಲ್ಲಿ ಹೊರಡಿಸಿದ 'ಅಸ್ಟ್ರೋನೋಮಿಶೆ ನಾಖ್ರಿಖ್ಟೆನ್' ಎಂಬ ಪತ್ರಿಕೆಯು ಬಹುಮಟ್ಟಿಗೆ ಶಾಸ್ತ್ರಜ್ಞರ ಕಾಗದಗಳಿಂದಲೇ ತುಂಬಿ ಬರುತ್ತಿತ್ತು. ಅದು ಇಂದಿಗೂ ನಡೆದುಬಂದಿದೆ.

ಇನ್ನು ಮೊದಲನೆಯ ಉದಾಹರಣೆ. 1801ನೆಯ ಇಸವಿಯ ಜನವರಿ 1ರ ರಾತ್ರಿ, ಸಿಸಿಲಿ ದ್ವೀಪದ ಪಲೆರ್ಮೊ ನಗರದ ವೇಧಶಾಲೆಯಲ್ಲಿ ಪಿಯಾತ್ಸಿ ಎಂಬ ಪಾದ್ರಿಯವರು ಪಟದಲ್ಲಿಲ್ಲದ ಒಂದು ಚಿಕ್ಕ ಚುಕ್ಕೆಯನ್ನು ಕಂಡರು. ಮರುರಾತ್ರಿ ನೋಡಲು ಅದು ಸರಿದಿತ್ತು. ಜನವರಿ 24ರಂದು ಅವರು ಬರ್ಲಿನ್ನಿನ ಬೋಡೆಯವರಿಗೂ ಮಿಲಾನಿನ ತಮ್ಮ ಸ್ನೇಹಿತ ಓರಿಯಾನಿಯವರಿಗೂ ಕಾಗದ ಬರೆದರು. ಬೋಡೆಯವರಿಗೆ ಬರೆದುದರಲ್ಲಿ ಇದೊಂದು ಧೂಮಕೇತುವೆಂದು ಎಚ್ಚರಿಕೆಯಿಂದ ಹೇಳಿದರು. ಸ್ನೇಹಿತನಿಗೆ ಬರೆದುದರಲ್ಲಿ ಮಾತ್ರ, ಇದು ಧೂಮಕೇತುವಿಗಿಂತ ಮಿಗಿಲಾದುದೇನೋ ಇರಬಹುದೆಂಬ ತಮ್ಮ ಅಂತರಂಗದ ಊಹೆಯನ್ನೂ ಸೇರಿಸಿದರು. ಅಪರಿಚಿತನಾದ ದೊಡ್ಡವನ ಮುಂದೆ ಒಂದು ಮಾತು, ಆಪ್ತನ ಮುಂದೆ ಇನ್ನೊಂದು ಮಾತು! ಮನುಷ್ಯಸ್ವಭಾವವು ಯಾವ ದೇಶದಲ್ಲಿಯೂ ಒಂದೇ ಎಂಬುದಕ್ಕೆ ಇದು ಸಾಕ್ಷಿ.

ಯುರೋಪಿನಲ್ಲಿ ಅದು ಯುದ್ಧದ ಕಾಲ. ಬರ್ಲಿನ್ನಿಗೆ ಕಾಗದ ಮುಟ್ಟಿದ್ದು ಮಾರ್ಚ್ 20ಕ್ಕೆ. ಮಿಲಾನಿಗೆ ಏಪ್ರಿಲ್ 5ಕ್ಕೆ. ಅಷ್ಟರಲ್ಲಿ ಪಿಯಾತ್ಸಿಯವರು ಕಾಯಿಲೆಯಿಂದ ಮಲಗಿದ್ದರು. ಫೆಬ್ರುವರಿ 11ರ ತರುವಾಯ ಅವರಿಗೆ ಆ ಚುಕ್ಕೆ ಕಾಣಸಿಕ್ಕಲಿಲ್ಲ. ಅದು ಸೂರ್ಯನ ಪ್ರಭೆಯಲ್ಲಿ ಮುಳುಗಿತು. ಹೀಗೆ ಕಾಗದವು ಪಂಡಿತರ ಕೈಸೇರುವಷ್ಟರಲ್ಲಿ ನೋಡಬೇಕಾದ ವಸ್ತುವೇ ಇಲ್ಲದಂತಾಗಿತ್ತು. ಮತ್ತೆ ಎಲ್ಲಿ ಹುಡುಕಬೇಕು? ಕೈಯಲ್ಲಿದ್ದುದು 41 ದಿನಗಳ ಅವಧಿಯ ಕೆಲವು ಅಳತೆಗಳು ಮಾತ್ರ. ಪಿಯಾತ್ಸಿಯವರು ಅವುಗಳನ್ನು ಪೂರ್ಣವಾಗಿ ಹೊರಗೆಡಹಲು ಹಿಂಜರಿದುದರಿಂದ ಅವು ಝಾಖರ ಪತ್ರಿಕೆಯಲ್ಲಿ ಅಚ್ಚಾಗಲು ಸೆಪ್ಟೆಂಬರ್ ತಿಂಗಳೇ ಬಂತು. ಆಗ ಬ್ರೌನ್‌ಶ್ವೈಗ್ ಪಟ್ಟಣದ 24 ವರ್ಷದ ಗೌಸ್ ಎಂಬ ತರುಣ ಗಣಿತಜ್ಞನು ಆ ಅಳತೆಗಳನ್ನು ಹಿಡಿದು ಹೊಸ ರೀತಿಯಿಂದ ಕಕ್ಷೆಯನ್ನು ಗಣಿಸಿ ಝಾಖರಿಗೆ ಬರೆದುಕಳುಹಿಸಿದನು. ಬೇರೆಯವರು ಹೇಳಿದ ಸ್ಥಳವು ಬೇರೆ, ಈತನು ಹೇಳಿದ ಸ್ಥಳವೇ ಬೇರೆ. ಡಿಸೆಂಬರಿನ ಕೊನೆಯ ರಾತ್ರಿ ಝಾಖರೂ, ಅದರ ಬೆನ್ನಿಗೆ ಬ್ರೇಮೆನ್ನಿನ ವೈದ್ಯ ಓಲ್ಬರ್ಸರೂ, ಗೌಸನು ಹೇಳಿದ ಕಡೆಗೇ ದುರ್ಬೀನು ತಿರುಗಿಸಿ ಕಳೆದುಹೋದ ಗ್ರಹವನ್ನು ಕಂಡರು. ಅದೇ ಸೀರೀಸ್, ಇಂದು ಅದನ್ನು ಕುಬ್ಜಗ್ರಹಗಳ ಸಾಲಿಗೆ ಸೇರಿಸಿದ್ದಾರೆ. ಅಲ್ಲಿಂದ ಮೊದಲಾದ ಗೌಸ್ ಮತ್ತು ಓಲ್ಬರ್ಸರ ಪತ್ರಮೈತ್ರಿಯು 1840ರಲ್ಲಿ ಓಲ್ಬರ್ಸರು ತೀರಿಕೊಳ್ಳುವವರೆಗೆ ಅವಿಚ್ಛಿನ್ನವಾಗಿ ನಡೆಯಿತು. ತಡವಾದ ಪತ್ರದಿಂದ ಆದ ನಷ್ಟವನ್ನು ಗಣಿತವು ತುಂಬಿಕೊಟ್ಟಿತು. ಆದರೆ ಪ್ರತಿಯೊಂದು ನಷ್ಟಕ್ಕೂ ಒಬ್ಬ ಗೌಸನು ದೊರೆಯುವುದಿಲ್ಲ.

ಎರಡನೆಯ ಉದಾಹರಣೆಯು ನಿಜವಾಗಿಯೂ ಒಂದು ದೊಡ್ಡ ಖಟ್ಲೆ. ಅದರ ಕಾಗದಪತ್ರಗಳನ್ನು ವಕೀಲನ ರೀತಿಯಲ್ಲಿಯೇ ತಾರೀಖುವಾರು ತಮ್ಮ ಮುಂದಿಡುವೆವು.

1781ರಲ್ಲಿ ವಿಲಿಯಂ ಹರ್ಷೆಲರು ಯುರೇನಸ್ ಗ್ರಹವನ್ನು ಕಂಡುಹಿಡಿದರು. 84 ವರ್ಷಗಳಿಗೊಮ್ಮೆ ಸೂರ್ಯನನ್ನು ಸುತ್ತುವ ಈ ಗ್ರಹಕ್ಕೆ ಫ್ರಾನ್ಸಿನ ಬೂವಾರರು 1821ರಲ್ಲಿ ಕೋಷ್ಟಕಗಳನ್ನು ರಚಿಸಿದರು. ಗ್ರಹವು ಕೋಷ್ಟಕದ ಮಾತನ್ನು ಕೇಳಲಿಲ್ಲ. ವರ್ಷವರ್ಷಕ್ಕೆ ಹೇಳಿದ ಸ್ಥಾನದಿಂದ ಹೆಚ್ಚು ಹೆಚ್ಚು ಸರಿಯುತ್ತ ಹೋಯಿತು. ಅದರಾಚೆಗೆ ಕಾಣದ ಇನ್ನೊಂದು ಗ್ರಹವಿದ್ದು ಅದು ಇದನ್ನು ಎಳೆಯುತ್ತಿರಬಹುದೇ? ಕೇಂಬ್ರಿಜಿನ ಜಾನ್ ಆಡಮ್ಸ್ ಎಂಬ ವಿದ್ಯಾರ್ಥಿಯು ಈ ಪ್ರಶ್ನೆಯನ್ನು ಬಿಡಿಸಲೇಬೇಕೆಂದು 1841ರ ಜುಲೈ 3ರಂದು ತನ್ನ ಟಿಪ್ಪಣಿಯಲ್ಲಿ ಬರೆದುಕೊಂಡನು. 1845ರ ಅಕ್ಟೋಬರ್ 21ರಂದು ಅವನು ಗ್ರೀನಿಚ್ಚಿಗೆ ಹೋಗಿ ರಾಜಜ್ಯೋತಿಷಿ ಏರಿಯವರ ಮನೆಯ ಬಾಗಿಲಿಗೆ ಎರಡು ಸಾರಿ ನಿಂತನು. ಭೇಟಿಯಾಗಲಿಲ್ಲ. ತನ್ನ ಗಣಿತದ ಫಲವನ್ನು ಬರೆದ ಒಂದು ಕಾಗದವನ್ನು ಬಿಟ್ಟುಬಂದನು.

ಏರಿಯವರು ಉದಾಸೀನರಾಗಿದ್ದರೆಂದು ಬಹುಜನರು ಹೇಳುವರು. ದಾಖಲೆಯು ಹಾಗೆ ಹೇಳುವುದಿಲ್ಲ. ನವೆಂಬರ್ 5ರಂದು ಅವರು ಆಡಮ್ಸನಿಗೆ ಉತ್ತರ ಬರೆದರು. ಒಂದು ಪ್ರಶ್ನೆಯನ್ನೂ ಕೇಳಿದರು. ಯುರೇನಸ್ ಆಕಾಶದಲ್ಲಿ ಸ್ಥಾನ ತಪ್ಪುವುದಲ್ಲದೆ ಸೂರ್ಯನಿಂದ ಅದಕ್ಕಿರುವ ದೂರದಲ್ಲಿಯೂ ವ್ಯತ್ಯಾಸವು ಕಂಡುಬಂದಿದೆ. ನಿಮ್ಮ ಹೊಸ ಗ್ರಹವು ಅದನ್ನೂ ವಿವರಿಸುವುದೋ ಎಂಬುದೇ ಆ ಪ್ರಶ್ನೆ. ಆಡಮ್ಸನಿಗೆ ಈ ಪ್ರಶ್ನೆಯು ಅಲ್ಪವಾದುದಾಗಿ ತೋರಿತು. ಉತ್ತರವು ಹೋಗಲಿಲ್ಲ. ಆದರೆ ಅವನು ಬರೆಯಲು ಕುಳಿತದ್ದುಂಟು. ನವೆಂಬರ್ 13ರ ತಾರೀಖಿನ, ಅರ್ಧಕ್ಕೇ ನಿಂತ ಒಂದು ಕರಡು ಪತ್ರವು ಅವನ ಕುಟುಂಬದ ಕಾಗದಗಳಲ್ಲಿ 2004ರಲ್ಲಿ ಪತ್ತೆಯಾಯಿತು. ಕರಡು ಬರೆದ ಕೈ ಏಕೆ ನಿಂತಿತೆಂಬುದು ಅವನಿಗೇ ಗೊತ್ತು. ನಮ್ಮ ಮೇಜಿನ ಮೇಲಿನ ಕಾಗದವು ನಮಗೆ ನೆನಪಾದುದು ಇಲ್ಲಿಯೇ.

ಅತ್ತ ಪ್ಯಾರಿಸಿನಲ್ಲಿ ಲೆವೆರಿಯೆ ಎಂಬವರು, ಆಡಮ್ಸನ ಹೆಸರನ್ನು ಸಹ ಕೇಳದೆ, ಅದೇ ಪ್ರಶ್ನೆಯನ್ನು ಹಿಡಿದಿದ್ದರು. 1846ರ ಜೂನ್ 1ರಂದು ಅವರು ಗ್ರಹದ ಸ್ಥಾನವನ್ನು ಬಹಿರಂಗವಾಗಿ ಸಾರಿದರು. ಅದು ಆಡಮ್ಸನ ಸ್ಥಾನಕ್ಕೆ ಬಹಳ ಸಮೀಪವಾಗಿರುವುದನ್ನು ಏರಿಯವರು ಕಂಡರು. ಜೂನ್ 26ರಂದು ಲೆವೆರಿಯೆಯವರಿಗೂ ಅದೇ ದೂರದ ಪ್ರಶ್ನೆಯನ್ನು ಬರೆದರು. ಲೆವೆರಿಯೆಯವರು ಎರಡೇ ದಿನಗಳಲ್ಲಿ, ಜೂನ್ 28ರಂದು, ಸಮರ್ಪಕವಾದ ಉತ್ತರವನ್ನು ಬರೆದರು. ತಾವು ಹುಡುಕುವುದಾದರೆ ನಿಖರವಾದ ಸ್ಥಾನವನ್ನು ಕಳುಹಿಸುವೆನೆಂದೂ ತಿಳಿಸಿದರು. ಈಗ ಮೌನ ವಹಿಸುವ ಸರದಿ ಏರಿಯವರದು. ಅವರು ಈ ಸೂಚನೆಗೆ ಉತ್ತರಿಸಲಿಲ್ಲ. ಆಡಮ್ಸನ ಹೆಸರನ್ನೂ ಲೆವೆರಿಯೆಯವರಿಗೆ ತಿಳಿಸಲಿಲ್ಲ. ಕೇಂಬ್ರಿಜಿನ ವೇಧಶಾಲೆಯ ಚಾಲಿಸರಿಗೆ ಮಾತ್ರ ಹುಡುಕಲು ಹೇಳಿದರು. ಚಾಲಿಸರು ಜುಲೈ 29ರಿಂದ ಹುಡುಕತೊಡಗಿ, ಆಗಸ್ಟ್ 4ರಂದೂ 12ರಂದೂ ಆ ಗ್ರಹವನ್ನೇ ನೋಡಿ ಬರೆದಿಟ್ಟುಕೊಂಡರು. ಆದರೆ ಒಂದು ರಾತ್ರಿಯ ಬರಹವನ್ನು ಇನ್ನೊಂದರೊಡನೆ ಹೋಲಿಸಿ ನೋಡಲಿಲ್ಲವಾದುದರಿಂದ ಕಂಡೂ ಕಾಣದಂತಾದರು.

ಲೆವೆರಿಯೆಯವರಿಗೆ ತಮ್ಮ ದೇಶದಲ್ಲಿಯೂ ದುರ್ಬೀನು ತಿರುಗಿಸುವವರು ದೊರೆಯಲಿಲ್ಲ. ಆಗ ಅವರಿಗೆ ಒಂದು ಹಳೆಯ ಋಣವು ನೆನಪಾಯಿತು. ಬರ್ಲಿನ್ ವೇಧಶಾಲೆಯ ಸಹಾಯಕ ಗಾಲೆ ಎಂಬವರು ಹಿಂದಿನ ವರ್ಷ ತಮ್ಮ ಪ್ರಬಂಧವೊಂದನ್ನು ಇವರಿಗೆ ಕಳುಹಿಸಿದ್ದರು. ಇವರು ಅದಕ್ಕೆ ಉತ್ತರಿಸಿರಲಿಲ್ಲ. ಹೀಗೆ ಈ ಖಟ್ಲೆಯಲ್ಲಿ ಉತ್ತರ ಬರೆಯದ ದೋಷದಿಂದ ಮುಕ್ತನಾದ ದೊಡ್ಡ ಮನುಷ್ಯನು ಒಬ್ಬನೂ ಇಲ್ಲ! ಆದರೆ ಲೆವೆರಿಯೆಯವರು ತಡವಾಗಿಯಾದರೂ ಬರೆದರು. 1846ರ ಸೆಪ್ಟೆಂಬರ್ 18ರಂದು ಬರೆದ ಆ ಕಾಗದದಲ್ಲಿ ಪ್ರಬಂಧವನ್ನು ಮೆಚ್ಚಿ ವಂದಿಸಿದರು, ಅನಂತರ ಆಕಾಶದ ಇಂಥ ಸ್ಥಳದಲ್ಲಿ ಹೊಸ ಗ್ರಹವನ್ನು ಹುಡುಕಬೇಕೆಂದು ಕೇಳಿಕೊಂಡರು.

ಕಾಗದವು ಸೆಪ್ಟೆಂಬರ್ 23ರಂದು ಬರ್ಲಿನ್ ಮುಟ್ಟಿತು. ಗಾಲೆಯವರು ಅದನ್ನು ನಾಳೆಗೆ ಇಡಲಿಲ್ಲ. ಮೇಲಧಿಕಾರಿ ಎಂಕೆಯವರ ಅಪ್ಪಣೆಯನ್ನು ಅಂದೇ ಬೇಡಿ ಪಡೆದರು. ಡಾರೆಸ್ಟ್ ಎಂಬ ವಿದ್ಯಾರ್ಥಿಯು ತಾನೂ ಬರುವೆನೆಂದನು. ಬರ್ಲಿನ್ ಅಕಾಡೆಮಿಯ ಹೊಸ ನಕ್ಷತ್ರಪಟವನ್ನು ಹಿಡಿದು ಒಂದೊಂದಾಗಿ ಹೋಲಿಸಬಹುದೆಂಬ ಉಪಾಯವನ್ನು ಸೂಚಿಸಿದವನೂ ಅವನೇ. ಗಾಲೆಯವರು ದುರ್ಬೀನಿನಲ್ಲಿ ನೋಡಿ ಒಂದೊಂದು ಚುಕ್ಕೆಯ ಸ್ಥಾನವನ್ನು ಹೇಳುತ್ತ ಹೋದರು, ವಿದ್ಯಾರ್ಥಿಯು ಪಟದಲ್ಲಿ ಹುಡುಕುತ್ತ ಹೋದನು. ಸ್ವಲ್ಪ ಹೊತ್ತಿನಲ್ಲಿಯೇ ಪಟದಲ್ಲಿಲ್ಲದ ಒಂದು ಚುಕ್ಕೆಯು ಸಿಕ್ಕಿತು. ಲೆವೆರಿಯೆಯವರು ಹೇಳಿದ ಸ್ಥಾನಕ್ಕೂ ಅದಕ್ಕೂ ಒಂದು ಅಂಶಕ್ಕಿಂತ ಕಡಿಮೆ ಅಂತರ. ಹುಣ್ಣಿಮೆಯ ಚಂದ್ರನ ಬಿಂಬವೇ ಅರ್ಧ ಅಂಶದಷ್ಟು ಇರುವುದೆಂದರೆ ಈ ಗಣಿತದ ಸೂಕ್ಷ್ಮತೆಯು ತಮಗೆ ತಿಳಿದೀತು. ಮರುರಾತ್ರಿ ನೋಡಲು ಅದು ಸರಿದಿತ್ತು. ಅದೇ ನೆಪ್ಚೂನ್. ನೀವು ಹೇಳಿದ ಗ್ರಹವು ನಿಜವಾಗಿಯೂ ಇದೆಯೆಂದು ಗಾಲೆಯವರು 25ನೆಯ ತಾರೀಖಿಗೆ ಉತ್ತರ ಬರೆದರು.

ಆಮೇಲೆ ಎದ್ದಿತು ಕೋಲಾಹಲ. ವಿಲಿಯಂ ಹರ್ಷೆಲರ ಮಗ ಸರ್ ಜಾನ್ ಹರ್ಷೆಲರು ಅಕ್ಟೋಬರ್ 3ರ 'ಅಥೀನಿಯಂ' ಪತ್ರಿಕೆಯಲ್ಲಿ ಆಡಮ್ಸನ ಹೆಸರನ್ನು ಮೊದಲ ಸಲ ಬಹಿರಂಗಪಡಿಸಿದರು. ಫ್ರಾನ್ಸಿನವರು ಇದನ್ನು ಕಳ್ಳತನವೆಂದರು. ಇಂಗ್ಲಂಡಿನವರು ತಮ್ಮ ರಾಜಜ್ಯೋತಿಷಿಯನ್ನೇ ನಿಂದಿಸಿದರು. ಏರಿಯವರು ನವೆಂಬರ್ 13ರಂದು ರಾಯಲ್ ಅಸ್ಟ್ರಾನಾಮಿಕಲ್ ಸೊಸೈಟಿಯ ಮುಂದೆ ಪತ್ರಗಳನ್ನು ಒಂದೊಂದಾಗಿ ಓದಿ ತಮ್ಮ ಸಮರ್ಥನೆಯನ್ನು ಮಾಡಿಕೊಂಡರು. ಈ ಪತ್ರಗಳ ಗ್ರೀನಿಚ್ ಕಡತವು ಇಪ್ಪತ್ತನೆಯ ಶತಮಾನದಲ್ಲಿ ಹಲವು ದಶಕ ಕಾಣೆಯಾಗಿತ್ತು. 1998ರಲ್ಲಿ, ಒಬ್ಬ ಖಗೋಳಜ್ಞರ ಮರಣಾನಂತರ, ದೂರದ ಚಿಲಿ ದೇಶದಲ್ಲಿ ಅವರ ಕಾಗದಗಳ ನಡುವೆ ಅದು ಸಿಕ್ಕಿತು.

ಇನ್ನು ತೀರ್ಪು. ಆಡಮ್ಸನು ಬಿಟ್ಟುಬಂದ ಸ್ಥಾನವು ನಿಜವಾದ ಸ್ಥಾನದಿಂದ ಸುಮಾರು ಎರಡು ಅಂಶಗಳಷ್ಟು ಮಾತ್ರ ದೂರವಿತ್ತು. ಅವನ ಪ್ರತಿಭೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಒಬ್ಬನ ಪೆಟ್ಟಿಗೆಯಲ್ಲಿದ್ದ ಸತ್ಯವು ಲೋಕದ ಸತ್ಯವಾಗುವುದು ಅದನ್ನು ಇನ್ನೊಬ್ಬನ ಕೈಗೆ ಕೊಟ್ಟು, ಅವನ ಪ್ರಶ್ನೆಗೆ ಉತ್ತರಿಸಿ, ಪರೀಕ್ಷೆಗೆ ಒಡ್ಡಿದಾಗಲೇ. ಈ ತೀರ್ಪನ್ನು ಕೊಟ್ಟವರು ನಾವಲ್ಲ, ಸ್ವತಃ ಆಡಮ್ಸರೇ. ಅದೇ ನವೆಂಬರಿನ ಸಭೆಯಲ್ಲಿ, ಲೆವೆರಿಯೆಯವರು ಮೊದಲು ಪ್ರಕಟಿಸಿದರು, ಅವರಿಂದಲೇ ಗ್ರಹವು ದೊರೆಯಿತು, ಶೋಧದ ಕೀರ್ತಿಯು ಅವರಿಗೆ ನ್ಯಾಯವಾಗಿ ಸಲ್ಲತಕ್ಕದ್ದು ಎಂದು ಅವರು ಒಪ್ಪಿದರು. ಎರಡು ದೇಶಗಳ ಪತ್ರಿಕೆಗಳು ಕಾದಾಡುತ್ತಿದ್ದಾಗ, ಅನ್ಯಾಯ ಹೊಂದಿದವನೆಂದು ತನ್ನ ಜನರು ಕೂಗುತ್ತಿದ್ದಾಗ, ಇಪ್ಪತ್ತೇಳರ ತರುಣನು ಹೀಗೆ ನುಡಿದನು. 1847ರಲ್ಲಿ ಇಬ್ಬರೂ ಇಂಗ್ಲಂಡಿನಲ್ಲಿ ಭೇಟಿಯಾಗಿ ಸ್ನೇಹಿತರಾದರು. ಜಾನ್ ಹರ್ಷೆಲರು ಇಬ್ಬರನ್ನೂ ತಮ್ಮ ಮನೆಗೆ ಕರೆದು ಸತ್ಕರಿಸಿದರು. ಸ್ವದೇಶಾಭಿಮಾನವು ನಮಗೆಲ್ಲರಿಗೂ ಪ್ರಿಯವಾದುದು. ಆದರೆ ಸತ್ಯವನ್ನು ಒಪ್ಪಿಕೊಂಡ ಆಡಮ್ಸರಿಂದ ಅವರ ದೇಶದ ಮಾನವು ಹೆಚ್ಚಿತೇ ಹೊರತು ಕುಂದಲಿಲ್ಲ.

ಹರ್ಷೆಲರ ವಂಶದ ಮೂರನೆಯ ತಲೆಯನ್ನು ಹಿಂಬಾಲಿಸಿದರೆ ನಾವು ಕನ್ನಡ ನಾಡಿಗೇ ಬಂದು ಮುಟ್ಟುವೆವು. ಇದು ಮೂರನೆಯ ಉದಾಹರಣೆ. 1868ರ ಆಗಸ್ಟ್ 18ರಂದು ಹಿಂದುಸ್ಥಾನದಲ್ಲಿ ಖಗ್ರಾಸ ಸೂರ್ಯಗ್ರಹಣವಾಯಿತು. ಸರ್ ಜಾನ್ ಹರ್ಷೆಲರ ಮಗ, ಅದೇ ಹೆಸರಿನ ಲೆಫ್ಟೆನೆಂಟ್ ಜಾನ್ ಹರ್ಷೆಲರು, ಭೂಮಾಪನ ಇಲಾಖೆಯಲ್ಲಿದ್ದವರು, ರಾಯಲ್ ಸೊಸೈಟಿಯು ಕಳುಹಿಸಿದ ಯಂತ್ರದೊಡನೆ ಜಮಖಂಡಿಯಲ್ಲಿ ನಿಂತಿದ್ದರು. ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯೇ ಅದು. ಶ್ರಾವಣದ ಮೋಡಗಳು ಕವಿದಿದ್ದವು. ಮೋಡವು ಕ್ಷಣಮಾತ್ರ ಬಿಚ್ಚಿದಾಗ, ಸೂರ್ಯನ ಅಂಚಿನಿಂದೆದ್ದ ಜ್ವಾಲೆಗಳ ಬೆಳಕನ್ನು ಬಣ್ಣಗಳಾಗಿ ಒಡೆದು ತೋರಿಸುವ ಆ ಯಂತ್ರದಲ್ಲಿ ಅವರು ಕೆಂಪು, ಕಿತ್ತಳೆ, ನೀಲಿ, ಹೀಗೆ ಮೂರು ಉಜ್ವಲವಾದ ಗೆರೆಗಳನ್ನು ಕಂಡರು. ಅಖಂಡವಾದ ಬಣ್ಣದ ಪಟ್ಟೆಯ ಬದಲು ಬಿಡಿ ಗೆರೆಗಳು ಕಂಡುದರಿಂದ ಆ ಜ್ವಾಲೆಗಳು ಉರಿಯುವ ವಾಯುವೆಂಬುದು ಸಿದ್ಧವಾಯಿತು. ಈ ವೃತ್ತಾಂತವು ಜಮಖಂಡಿಯಿಂದ ಲಂಡನ್ನಿಗೆ ಬರಹರೂಪದಲ್ಲಿ ಹೋಯಿತು.

ಅದೇ ದಿನ ಗುಂಟೂರಿನಲ್ಲಿದ್ದ ಫ್ರೆಂಚ್ ಪಂಡಿತ ಜಾನ್ಸೆನರು ಅದೇ ಗೆರೆಗಳನ್ನು ಕಂಡು, ಇಷ್ಟು ಪ್ರಕಾಶವಾದವುಗಳನ್ನು ಗ್ರಹಣವಿಲ್ಲದೆಯೂ ನೋಡಬಹುದೆಂದು ತರ್ಕಿಸಿ, ಮರುದಿನವೇ ನೋಡಿಯೂ ನೋಡಿದರು. ಸೆಪ್ಟೆಂಬರ್ 19ರಂದು ಪ್ಯಾರಿಸಿಗೆ ಕಾಗದ ಬರೆದರು. ಅದು ಹಡಗಿನಲ್ಲಿ ಸಾಗುತ್ತಿರುವಾಗಲೇ, ಲಂಡನ್ನಿನ ಯುದ್ಧಖಾತೆಯಲ್ಲಿ ಕಾರಕೂನರಾಗಿದ್ದ ಲಾಕ್ಯರ್ ಎಂಬವರು, ಇದಾವುದನ್ನೂ ಅರಿಯದೆ, ಅಕ್ಟೋಬರ್ 20ರಂದು ಸ್ವತಂತ್ರವಾಗಿ ಅದೇ ರೀತಿಯನ್ನು ಸಾಧಿಸಿದರು. ಅವರ ವಾರ್ತೆಯೂ ಪ್ಯಾರಿಸಿಗೆ ಹೋಯಿತು. ಅಕ್ಟೋಬರ್ 26ರ ಸಭೆಯಲ್ಲಿ ಎರಡು ಪತ್ರಗಳೂ ಅಕಾಡೆಮಿಯ ಮುಂದೆ ಬಂದವು. ಇಪ್ಪತ್ತೆರಡು ವರ್ಷಗಳ ಹಿಂದಿನ ಜಗಳವನ್ನು ಮತ್ತೆ ಹೂಡಲು ಇದಕ್ಕಿಂತ ಒಳ್ಳೆಯ ಸಂದರ್ಭವಿತ್ತೇ? ಆದರೆ ಫಾಯ್ ಎಂಬ ಸದಸ್ಯರು ಎದ್ದು, ಕೀರ್ತಿಯನ್ನು ತಕ್ಕಡಿಯಲ್ಲಿ ತೂಗಿ ಹಂಚುವ ಬದಲು ಇಬ್ಬರಿಗೂ ಪೂರ್ಣವಾಗಿ ಸಲ್ಲಿಸುವುದೇ ಲೇಸೆಂದು ನುಡಿದರು. 1872ರಲ್ಲಿ ಇಬ್ಬರ ಮುಖಗಳನ್ನೂ ಒಟ್ಟಿಗೆ ಕೊರೆದ ಪದಕವು ಹೊರಬಂತು. ಒಂದು ಸಲ ಕಲಿತ ಪಾಠವು ವ್ಯರ್ಥವಾಗಲಿಲ್ಲ.

ಆ ಜ್ವಾಲೆಗಳಲ್ಲಿದ್ದ ಒಂದು ಹಳದಿ ಗೆರೆಯು ಭೂಮಿಯ ಮೇಲಿನ ಯಾವ ಗೊತ್ತಿದ್ದ ಪದಾರ್ಥದ್ದೂ ಆಗಿರಲಿಲ್ಲ. ಅದಕ್ಕೆ ಕಾರಣವಾದ ಧಾತುವಿಗೆ ಸೂರ್ಯನ ಹೆಸರಿನಿಂದ ಹೀಲಿಯಂ ಎಂದು ಕರೆದರು. ಅದು ಭೂಮಿಯ ಮೇಲೆ ದೊರೆತುದೂ ಒಂದು ಪತ್ರದಿಂದಲೇ. 1895ರ ಫೆಬ್ರುವರಿಯಲ್ಲಿ ಬ್ರಿಟಿಷ್ ಮ್ಯೂಜಿಯಮಿನ ಮೈಯರ್ಸರು, ಅಮೆರಿಕೆಯ ಹಿಲೆಬ್ರಾಂಡರು ಒಂದು ಜಾತಿಯ ಖನಿಜದಿಂದ ವಾಯುವನ್ನು ಪಡೆದ ಸಂಗತಿಯನ್ನು ರಾಮ್ಸೆಯವರಿಗೆ ಬರೆದು ತಿಳಿಸಿದರು. ರಾಮ್ಸೆಯವರು ಅದನ್ನು ಪರೀಕ್ಷಿಸಿ, ತಮ್ಮ ಕಣ್ಣನ್ನೇ ನಂಬದೆ, ವಾಯು ತುಂಬಿದ ಗಾಜಿನ ನಳಿಗೆಗಳನ್ನು ಕ್ರೂಕ್ಸರಿಗೂ ಲಾಕ್ಯರರಿಗೂ ಕಳುಹಿಸಿದರು. ಕ್ರೂಕ್ಸರು ಅಳೆದು ಅದೇ ಹಳದಿ ಗೆರೆಯೆಂದು ಖಚಿತಪಡಿಸಿದರು. ಸೂರ್ಯನಲ್ಲಿ ಆ ಗೆರೆಯ ಬೆನ್ನುಹತ್ತಿದ ಲಾಕ್ಯರರು ಇಪ್ಪತ್ತಾರು ವರ್ಷಗಳ ತರುವಾಯ ಅದೇ ಧಾತುವನ್ನು ಕೈಯಲ್ಲಿ ಹಿಡಿದು ನೋಡಿದರು.

ಮಹಾಶಯರೆ, ನಮ್ಮವರೂ ಈ ವ್ಯವಹಾರದ ಹೊರಗಿರಲಿಲ್ಲ. ಮದರಾಸಿನ ವೇಧಶಾಲೆಯ ಚಿಂತಾಮಣಿ ರಘುನಾಥಾಚಾರ್ಯರು ಅದೇ 1868ರ ಗ್ರಹಣವನ್ನು ಹೈದರಾಬಾದ್ ಸೀಮೆಯ ವನಪರ್ತಿಯಲ್ಲಿ ನಿಂತು ನೋಡಿದರು. 1874ರಲ್ಲಿ ಶುಕ್ರನು ಸೂರ್ಯಬಿಂಬದ ಮೇಲೆ ಹಾಯುವ ಸಂದರ್ಭವು ಬಂದಾಗ ಅವರು ಅದನ್ನು ಜನರಿಗೆ ತಿಳಿಸಲು ಒಂದು ಚಿಕ್ಕ ಪುಸ್ತಕವನ್ನು ಬರೆದರು. ಅದು ಇಂಗ್ಲಿಷಿನಲ್ಲಷ್ಟೇ ಅಲ್ಲದೆ ಕನ್ನಡದಲ್ಲಿಯೂ ಹೊರಬಂತು. ಪಂಡಿತನು ಪಂಡಿತನಿಗೆ ಬರೆದರೆ ಶಾಸ್ತ್ರವು ಬೆಳೆಯುವುದು. ಪಂಡಿತನು ಜನರಿಗೆ ಅವರ ನುಡಿಯಲ್ಲಿ ಬರೆದರೆ ನಾಡು ಬೆಳೆಯುವುದು. ಆ ಪುಸ್ತಕವನ್ನು ನಾವು ಕನ್ನಡಿಗರಿಗೆ ಬಂದ ಒಂದು ಕಾಗದವೆಂದೇ ಭಾವಿಸುವೆವು. ಅದಕ್ಕೆ ಉತ್ತರ ಬರೆಯುವ ಭಾರವು ಶಿಕ್ಷಕರಾದ ತಮ್ಮ ಮೇಲಿದೆ.

ಗಣಿತದ ಪ್ರತಿಭೆಯನ್ನು ದೇವರು ಎಲ್ಲರಿಗೂ ಕೊಟ್ಟಿಲ್ಲ. ಗೌಸನ ಕೆಲಸವನ್ನಾಗಲಿ ಲೆವೆರಿಯೆಯ ಕೆಲಸವನ್ನಾಗಲಿ ನಾವು ಮಾಡಲಾರೆವು. ಆದರೆ ಗಾಲೆಯವರು ಸೆಪ್ಟೆಂಬರ್ 23ರ ಸಂಜೆ ಮಾಡಿದುದು, ಅಂದರೆ ಬಂದ ಕಾಗದವನ್ನು ಅಂದೇ ಓದಿ, ಅಂದೇ ಎದ್ದು ಕೆಲಸಕ್ಕೆ ತೊಡಗುವುದು, ನಮ್ಮಲ್ಲಿ ಯಾರಿಗೆ ಅಸಾಧ್ಯ? ತಮ್ಮ ಶಾಲೆಗೆ ಒಬ್ಬ ಬಡ ಹುಡುಗನು ಪ್ರಶ್ನೆ ಕೇಳಿ ಕಾಗದ ಬರೆದಿರಬಹುದು. ಪ್ರಶ್ನೆಯು ಅಲ್ಪವಾಗಿಯೂ ತೋರಬಹುದು. ತೋರಿದರೂ ಉತ್ತರಿಸಿರಿ. ಪೂರ್ಣ ಉತ್ತರವು ಸಿದ್ಧವಿಲ್ಲದಿದ್ದರೆ, 'ನಿಮ್ಮ ಕಾಗದ ಮುಟ್ಟಿತು, ಯೋಚಿಸುತ್ತಿದ್ದೇವೆ' ಎಂಬ ಒಂದು ಸಾಲನ್ನಾದರೂ ಬರೆದು ಕಳುಹಿಸಿರಿ.

ಆ ಮಾಸ್ತರರಿಗೆ ನಾವು ಕಡೆಗೆ ಕ್ಷಮೆ ಬೇಡಿ ಒಂದು ಕಾಗದ ಬರೆದೆವು. ಅವರು ಮೂರನೆಯ ದಿನವೇ ಉತ್ತರ ಬರೆದರು. ಕಾಗದ ಮುಟ್ಟಿತೆಂದೂ, ತಾವು ಕ್ಷೇಮವೆಂದೂ, ನಮ್ಮ ಕ್ಷೇಮಕ್ಕೆ ಬರೆಯಬೇಕೆಂದೂ ಅದರಲ್ಲಿತ್ತು. ಹೊಲದ ಮಾತನ್ನು ಅವರು ಎತ್ತಲಿಲ್ಲ. ಆ ಕಾಗದವು ಇಂದಿಗೂ ನಮ್ಮ ಮೇಜಿನ ಮೇಲಿದೆ. ಅದರ ಮೇಲೆ ಬೇರೆ ಕಾಗದ ಬೀಳಗೊಡುವುದಿಲ್ಲ.